ಓದುಗರ ಪ್ರಶ್ನೆ: ತೇಗೋದಕ್ಕೆ ‘ಇರಕ್ಟ್’ ಅಂತಾರಂತೆ, ಹೌದಾ?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮ ಬಾಮೈದ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲವ್ನೆ, ಹಬ್ಬಕ್ಕೆ ಅಂತ ಬಂದಿದ್ದ. ನಾಟಿ ಕೋಳಿ ಸಾರಲ್ಲಿ ಎರಡು ಮುದ್ದೆ ಇಳಿಸಿ, ಎಲೆ ಮುಂದಿಂದ ಏಳ್ತಾ ಏಳ್ತಾ ಗೋಡೆ ಅದುರೋ ಹಂಗೆ ಒಂದ್ಸಲ ತೇಗ್ಬುಟ್ಟು ‘ಸಾರಿ ಭಾವ, ಐ ಇರಕ್ಟೆಡ್’ ಅಂದ. ಪಿಯುಸಿ ಓದೋ ನನ್ನ ಮಗಳು ‘ಅದು ಇರಪ್ಟೆಡ್ ಮಾವ, ಅದನ್ನ ಜ್ವಾಲಾಮುಖಿಗೆ ಹೇಳೋದು’ ಅಂತ ನಕ್ಕಳು. ಇವನು ಇಲ್ಲ ನಾನೇಳಿದ್ದೇ ಸರಿ ಅಂತ ಪಟ್ಟು ಬಿಡಲಿಲ್ಲ. ಈಗ ಒಂದು ಪ್ಲೇಟ್ ಮದ್ದೂರು ವಡೆ ಪಂದ್ಯ ಕಟ್ಟವ್ರೆ. ಇಂಥ ಪದ ಇದ್ಯಾ? ಇದ್ರೆ ಎಲ್ಲಿ ಬಳಸ್ಬೇಕು, ನಾವೂ ಬಳಸ್ಬೋದಾ?
– ಓದುಗರೊಬ್ಬರು, ಮದ್ದೂರು

ಉತ್ತರ: ಮೊದಲು ಪಂದ್ಯದ ಲೆಕ್ಕ ಚುಕ್ತಾ ಮಾಡಿಬಿಡೋಣ. ನಿಮ್ಮ ಬಾಮೈದ ಹೇಳಿದ್ದು ಸರಿ, ಆ ಪದ ಇದೆ, ವಡೆ ಅವರಿಗೇ. ಆದ್ರೆ ಮಗಳಿಗೂ ಒಂದು ಕೊಡಿಸಿ, ಅವಳದ್ದು ಪೂರ್ತಿ ತಪ್ಪಲ್ಲ.

ಇ, ಆರ್, ಯು, ಸಿ, ಟಿ. ಐದೇ ಅಕ್ಷರ. ಇ-ರಕ್ಟ್ ಅಂತ ಹೇಳ್ಬೇಕು, ಒತ್ತು ‘ರಕ್ಟ್’ ಮೇಲೆ. ಅರ್ಥ ತೇಗೋದು, ಅಷ್ಟೇ. ಇದರ ಜೊತೆಗೇ ಇರಕ್ಟೇಟ್ ಅಂತ ಇನ್ನೊಂದಿದೆ, ಅದರ ಅರ್ಥವೂ ತೇಗೋದೇ, ಎರಡರಲ್ಲಿ ಯಾವುದು ಹಾಕಿದ್ರೂ ನಡೆಯುತ್ತೆ. ತೇಗು ಅನ್ನೋ ನಾಮಪದಕ್ಕೆ ಇರಕ್ಟೇಶನ್. ಎಲ್ಲಾ ಲ್ಯಾಟಿನ್ನಿಂದ ಬಂದಿದ್ದು, ಅಲ್ಲಿ ‘ರುಕ್ತಾರೆ’ ಅಂದ್ರೆ ತೇಗು, ಅದಕ್ಕೆ ಮೊದಲಲ್ಲಿ ಒಂದು ‘ಎ’ ಸೇರಿಸಿದ್ರೆ ಹೊರಕ್ಕೆ ಅಂತ, ಅಲ್ಲಿಗೆ ಎರುಕ್ತಾರೆ, ಹೊರಕ್ಕೆ ತೇಗು (ಒಳಕ್ಕೆ ತೇಗೋರು ಯಾರಾದ್ರೂ ಇದ್ದಾರಾ ಅಂತ ಕೇಳ್ಬೇಡಿ). ಇರಕ್ಟೇಶನ್ ಇಂಗ್ಲಿಷಿಗೆ ಮೊದಲೇ ಬಂದಿತ್ತು, ಇರಕ್ಟ್, ಇರಕ್ಟೇಟ್ ಅನ್ನೋ ಕ್ರಿಯಾಪದಗಳು ಸೇರಿಕೊಂಡಿದ್ದು 17ನೇ ಶತಮಾನದಲ್ಲಿ.

ಇರಪ್ಟ್ ಬೇರೆ ಮನೆತನ. ಅದು ‘ರುಂಪೆರೆ’ ಅಂದ್ರೆ ಒಡಿ, ಮುರಿ ಅನ್ನೋದರಿಂದ ಬಂದಿದ್ದು, ಇಂಟರಪ್ಟ್, ಕರಪ್ಟ್, ಬ್ಯಾಂಕ್ರಪ್ಟ್ ಎಲ್ಲ ಅದರ ದಾಯಾದಿಗಳೇ. ಆದ್ರೆ ಮಗಳಿಗೆ ವಡೆ ಯಾಕೆ ಅಂದೆ ಅಂದ್ರೆ, ಜ್ವಾಲಾಮುಖಿ ಬೆಂಕಿ ಬೂದಿ ಕಾರೋದಕ್ಕೂ ಇಂಗ್ಲಿಷಿನವರು ಇರಕ್ಟ್ ಬಳಸ್ತಾರೆ, ಡಿಕ್ಷನರಿಗಳು ಆ ಅರ್ಥಾನೂ ಕೊಡ್ತವೆ. ಹಾಗಾಗಿ ಅದೇ ಬೆಟ್ಟ ಇರಪ್ಟೂ ಆಗ್ಬೋದು, ಇರಕ್ಟೂ ಮಾಡ್ಬೋದು, ಮನುಷ್ಯ ಮಾತ್ರ ಊಟ ಆದ್ಮೇಲೆ ಇರಕ್ಟ್ ಮಾಡ್ತಾನೆ, ಇರಪ್ಟ್ ಆದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಇನ್ನೊಂದು ಪದ ಇದೆ, ಕಟೌಟ್ ನಿಲ್ಲಿಸೋದಕ್ಕೆ, ಪೆಂಡಾಲ್ ಎಬ್ಬಿಸೋದಕ್ಕೆ ಹೇಳೋ ಇರೆಕ್ಟ್. ‘ರ’ ‘ರೆ’ ಒಂಚೂರು ಆಚೀಚೆ ಆದ್ರೆ ಬಾಮೈದ ಊಟದ ಪಂಕ್ತಿಲಿ ಹೇಳಿದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಈ ಒಂದು ಕಾರಣಕ್ಕೇ ಬಾಯಲ್ಲಿ ಆಡೋಕೆ ಇದು ಅಷ್ಟು ಒಳ್ಳೆ ಪದ ಅಲ್ಲ ಅಂತ ನನ್ನ ಅಭಿಪ್ರಾಯ, ಬರೆಯೋಕೆ ಪರವಾಗಿಲ್ಲ.

ಈಗ ಬಳಕೆಗೆ ಬರೋಣ. ಇಂಗ್ಲಿಷಲ್ಲಿ ತೇಗಿಗೆ ಮೂರು ಪದ ಓಡಾಡ್ತವೆ. ಬೆಲ್ಚ್ ಹಳೇದು, ಹಳೇ ಇಂಗ್ಲಿಷ್ ಕಾಲದ್ದು, ಸ್ವಲ್ಪ ಒರಟು, ಜೋರು ತೇಗು. ಬರ್ಪ್ ತೀರ ಈಚಿಂದು, 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಶಬ್ದ ಕೇಳಿ ಕಟ್ಟಿದ ಪದ, ಮಕ್ಕಳಿಗೂ ಹೇಳ್ಬೋದಾದಷ್ಟು ಮೆತ್ತಗಿದೆ. ಹಾಲು ಕುಡಿದ ಮಗೂನ ಹೆಗಲ ಮೇಲೆ ಹಾಕ್ಕೊಂಡು ಬೆನ್ನು ತಟ್ಟಿ ತೇಗಿಸ್ತೀವಲ್ಲ, ಅದಕ್ಕೂ ಬರ್ಪ್ ಅಂತಾನೇ ಹೇಳೋದು, ‘ಬರ್ಪ್ ದಿ ಬೇಬಿ’. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒತ್ತಿ ಗಾಳಿ ತೆಗೆಯೋದಕ್ಕೂ ಬರ್ಪ್ ಅಂದು ಟಪ್ಪರ್‌ವೇರ್ ಕಂಪನಿ ಅದನ್ನೇ ಪ್ರಚಾರ ಮಾಡ್ಕೊಳ್ತು. ಇರಕ್ಟ್ ಇವೆರಡರ ಮಧ್ಯೆ ಎಲ್ಲೂ ಬರಲ್ಲ, ಅದಿರೋದು ಡಾಕ್ಟರ ಕಡತದಲ್ಲಿ, ಪಶುವೈದ್ಯರ ಪುಸ್ತಕದಲ್ಲಿ, ಇಲ್ಲಾಂದ್ರೆ ಬೇಕಂತಲೇ ತಮಾಷೆಗೆ ದೊಡ್ಡ ಪದ ಹಾಕೋರ ಬರಹದಲ್ಲಿ. ‘ದಿ ಮಿನಿಸ್ಟರ್ ಇರಕ್ಟೆಡ್ ಆಫ್ಟರ್ ಲಂಚ್’ ಅಂತ ಯಾರಾದ್ರೂ ಬರೆದ್ರೆ ಅದು ಕನ್ನಡದಲ್ಲಿ ‘ಮಾನ್ಯ ಸಚಿವರು ಭೋಜನಾನಂತರ ಉದ್ಗಾರಗೈದರು’ ಅಂದ ಹಾಗೆ, ವಿಷಯ ತೇಗು, ಮಾತು ಅರಮನೆ ದರ್ಬಾರಿಂದು, ನಗು ಬರ್ಬೇಕು ಅಂತಲೇ ಬರೆದಿರೋದು. ನಿಮ್ಮ ಬಾಮೈದನೂ ತಮಾಷೆಗೆ ಹೇಳಿದ್ರೆ ಭೇಷ್, ನಿಜವಾಗ್ಲೂ ಅದೇ ಮರ್ಯಾದೆ ಇಂಗ್ಲಿಷು ಅಂದ್ಕೊಂಡು ಹೇಳಿದ್ರೆ ಆಫೀಸಲ್ಲಿ ಹೇಳ್ಬೇಡ ಅಂತ ತಿಳಿಸಿ, ಅಲ್ಲಿ ಬರೀ ‘ಎಕ್ಸ್‌ಕ್ಯೂಸ್ ಮಿ’ ಸಾಕು, ಏನು ಮಾಡಿದೆ ಅಂತ ವರದಿ ಒಪ್ಪಿಸೋ ಅಗತ್ಯ ಇಲ್ಲ.

ಜ್ವಾಲಾಮುಖಿ ಬೆಂಕಿ ಬೂದಿ ಕಾರೋದಕ್ಕೂ ಇರಕ್ಟ್ ಬಳಸ್ತಾರೆ ಅಂದೆನಲ್ಲ, ಅಲ್ಲೂ ಇಂಗ್ಲಿಷಿನವರಿಗೆ ಬೆಲ್ಚ್ ಅನ್ನೋದೇ ಕೈಗೆ ಬೇಗ ಸಿಗೋದು, ಫ್ಯಾಕ್ಟರಿ ಚಿಮಣಿ ಹೊಗೆನ ‘ಬೆಲ್ಚ್’ ಮಾಡ್ತು ಅಂತಾರೆ. ನಾವು ಹಾಗನ್ನಲ್ಲ. ಮಂಡ್ಯದ ಮೈಷುಗರ್ 1933ರಲ್ಲಿ ಶುರುವಾದ ಕಾರ್ಖಾನೆ, ಕಬ್ಬು ಅರೆಯೋ ಸೀಸನ್ನಲ್ಲಿ ಅದರ ಚಿಮಣಿ ನೋಡಿದ ಯಾರೂ ‘ಚಿಮಣಿ ತೇಗ್ತಾ ಇದೆ’ ಅನ್ನಲ್ಲ, ಹೊಗೆ ಉಗುಳ್ತಾ ಇದೆ ಅಂತಾರೆ. ಬೆಂಕಿ ಆದ್ರೆ ಕಾರುತ್ತೆ, ವಿಷಾನೂ ಕಾರುತ್ತೆ. ಅಂದ್ರೆ ಕನ್ನಡದಲ್ಲಿ ಉಗುಳೋದು, ಕಾರೋದು ಕೆಟ್ಟದ್ದಕ್ಕೆ ಮೀಸಲು, ತೇಗೋದಕ್ಕೆ ಹೊಟ್ಟೆ ತುಂಬಿರಬೇಕು. ನಿಮ್ಮ ಬಾಮೈದನ ಪದಾನ ಕನ್ನಡಕ್ಕೆ ತರುವಾಗ ಇದನ್ನ ಗಮನದಲ್ಲಿಡಿ, ಜ್ವಾಲಾಮುಖಿ ಇರಕ್ಟ್ ಮಾಡ್ತು ಅಂತಿದ್ರೆ ಕಾರಿತು ಅಂತಲೇ ಬರೀಬೇಕು.

ಇರೋ ಪದ ಬಿಟ್ಟು ಲ್ಯಾಟಿನ್ ಹಿಂದೆ ಹೋಗೋ ಈ ಚಾಳಿ ಇಂಗ್ಲಿಷಿನವರದ್ದಷ್ಟೇ ಅಲ್ಲ. ಸ್ಪೇನಿನ ಸೆರ್ವಾಂಟಿಸ್ ಬರೆದ ಡಾನ್ ಕ್ವಿಕ್ಸೋಟ್ ಕಾದಂಬರಿ ಕೇಳಿರ್ತೀರಿ, ಅದರ ಎರಡನೇ ಭಾಗ 1615ರಲ್ಲಿ ಬಂತು. ಅದರಲ್ಲಿ ಸೇವಕ ಸಾಂಚೊ ಒಂದು ದ್ವೀಪಕ್ಕೆ ಗವರ್ನರ್ ಆಗಿ ಹೊರಟಿರ್ತಾನೆ, ಯಜಮಾನ ಅವನಿಗೆ ನಾಲ್ಕು ಜನರ ಮುಂದೆ ಹೇಗಿರ್ಬೇಕು ಅಂತ ಬುದ್ಧಿ ಹೇಳ್ತಾ, ಎರಡೂ ದವಡೆಲಿ ಅಗೀಬೇಡ, ಯಾರ ಎದುರಿಗೂ ‘ಎರುತಾರ್’ ಮಾಡ್ಬೇಡ ಅಂತಾನೆ. ಎರುತಾರ್ ಅಂದ್ರೇನು ಸ್ವಾಮಿ, ನಂಗೊತ್ತಿಲ್ಲ ಅಂತಾನೆ ಸಾಂಚೊ. ತೇಗೋದು ಕಣೋ, ನಮ್ಮ ಭಾಷೆಲಿ ‘ರೆಗೊಲ್ದಾರ್’ ಅನ್ನೋ ಪದ ಬಹಳ ಅಸಹ್ಯವಾಗಿದೆ ಅಂತ ನಾಜೂಕಿನ ಜನ ಲ್ಯಾಟಿನ್ನಿಂದ ಇದನ್ನ ತಂದ್ಕೊಂಡಿದ್ದಾರೆ, ಈಗ ಕೆಲವರಿಗೆ ಅರ್ಥ ಆಗ್ದಿದ್ರೂ ಪರವಾಗಿಲ್ಲ, ಬಳಸ್ತಾ ಬಳಸ್ತಾ ರೂಢಿ ಆಗುತ್ತೆ ಅಂತ ವಿವರಿಸ್ತಾನೆ. ಸಾಂಚೊ ಆ ಬುದ್ಧಿಮಾತು ಒಪ್ಕೊಂಡು, ಇದನ್ನ ನೆನಪಿಟ್ಕೋಬೇಕು, ಯಾಕಂದ್ರೆ ನಾನು ಆಗಾಗ ತೇಗ್ತಾ ಇರ್ತೀನಿ ಅಂತಾನೆ. ನಾನೂರು ವರ್ಷದ ಹಿಂದಿನ ಈ ಮಾತುಕತೆಗೂ ಮದ್ದೂರಲ್ಲಿ ನಿಮ್ಮ ಮನೆ ಪಡಸಾಲೆಲಿ ಆದದ್ದಕ್ಕೂ ಎಷ್ಟು ದೂರ ಹೇಳಿ. ಒಂದೇ ವ್ಯತ್ಯಾಸ, ಅಲ್ಲಿ ತೇಗ್ಬೇಡ ಅನ್ನೋಕೆ ದೊಡ್ಡ ಪದ ಬಂತು, ಇಲ್ಲಿ ತೇಗಿದ್ಮೇಲೆ ಬಂತು.

ಇದೇ ಪದ ದೇವರ ಪೀಠದವರೆಗೂ ಹೋಗಿದೆ ಅಂದ್ರೆ ನಂಬ್ತೀರಾ. ಬೈಬಲ್ಲಿನ ಲ್ಯಾಟಿನ್ ಅನುವಾದದಲ್ಲಿ 44ನೇ ಕೀರ್ತನೆ (ಈಗಿನ ಬೈಬಲ್ಲುಗಳಲ್ಲಿ ಅದು 45) ಶುರುವಾಗೋದೇ ‘ಎರುಕ್ತಾವಿತ್ ಕೋರ್ ಮೇಯುಂ ವೆರ್ಬುಂ ಬೋನುಂ’ ಅಂತ. ಪದಕ್ಕೆ ಪದ ಹಿಡಿದ್ರೆ ನನ್ನ ಎದೆ ಒಂದು ಒಳ್ಳೇ ಮಾತನ್ನ ತೇಗಿತು. ನಗಬೇಡಿ, ಅಲ್ಲಿ ಉಕ್ಕಿ ಬಂತು ಅನ್ನೋ ಭಾವ, ಒಳಗೆ ತುಂಬಿ ತುಂಬಿ ತಡೆಯೋಕಾಗದೆ ತಾನೇ ಹೊರಗೆ ಬಂದ ಮಾತು ಅಂತ.

ನಮ್ಮಲ್ಲೂ ಇದೇ ಆಗಿದೆ, ನಾವು ಗಮನಿಸಿಲ್ಲ ಅಷ್ಟೇ. ಸಂಸ್ಕೃತದಲ್ಲಿ ಉದ್ಗಾರ ಅಂದ್ರೆ ತೇಗು. ಆಯುರ್ವೇದದ ಪುಸ್ತಕಗಳಲ್ಲಿ ಇವತ್ತಿಗೂ ಅದೇ ಅರ್ಥ. ಕನ್ನಡಕ್ಕೆ ಬಂದು ನೋಡಿ, ‘ಅಬ್ಬಾ ಎಂದು ಉದ್ಗರಿಸಿದನು’ ಅಂತ ಕಾದಂಬರಿಗಳಲ್ಲಿ ಪುಟಕ್ಕೊಂದು ಸಿಗುತ್ತೆ, ಅಲ್ಲಿ ಯಾರಿಗೂ ತೇಗು ನೆನಪಾಗಲ್ಲ. ಲ್ಯಾಟಿನ್ ಎರುಕ್ತಾವಿತ್ ಆಗಿದ್ದೂ ಹೀಗೇ, ಹೊಟ್ಟೆಯಿಂದ ಎದೆಗೆ, ಎದೆಯಿಂದ ಮಾತಿಗೆ. ಹಾಗಾಗಿ ಇರಕ್ಟ್‌ಗೆ ಕನ್ನಡದಲ್ಲಿ ಅದೇ ಗತ್ತಿನ ಪದ ಬೇಕು ಅಂದ್ರೆ ಉದ್ಗಾರಾನೇ ಸರಿ, ಆದ್ರೆ ಅದನ್ನ ತೇಗಿಗೆ ಬಳಸಿದ್ರೆ ಈಗ ವೈದ್ಯರಿಗೆ ಮಾತ್ರ ಅರ್ಥ ಆಗೋದು.

ಅದಕ್ಕೇ ನನ್ನ ಸಲಹೆ, ಕನ್ನಡದಲ್ಲಿ ತೇಗು ಇರೋವಾಗ ಬೇರೆ ಯಾವುದೂ ಬೇಡ. ನಮಗೆ ಆ ಪದ ಹೇಳೋಕೆ ಸಂಕೋಚ ಯಾವತ್ತೂ ಇರ್ಲಿಲ್ಲ. ತಮಿಳರ ಏಪ್ಪಂ, ತೆಲುಗರ ತ್ರೇನ್ಪು, ಹಿಂದಿಯ ಡಕಾರ್, ಎಲ್ಲ ಕಡೆ ಒಂದೊಂದು ಗಟ್ಟಿ ಪದ ಇದೆ, ಯಾರೂ ಅದನ್ನ ಮುಚ್ಚಿಡಲ್ಲ. ಹಿಂದಿಯವರು ಲಂಚ ನುಂಗಿದವನಿಗೆ ‘ಡಕಾರ್ ಕೂಡ ತೆಗೀಲಿಲ್ಲ’ ಅಂತಾರೆ, ಅಂದ್ರೆ ಗುರುತೂ ಉಳಿಸದೆ ತಿಂದ. ನಾವು ತದ್ವಿರುದ್ಧ, ‘ಕೆರೆ ಹೂಳೆತ್ತೋ ದುಡ್ಡೆಲ್ಲಾ ತಿಂದು ತೇಗಿದ’ ಅಂತೀವಿ. ಅಲ್ಲಿ ತೇಗದೆ ಇರೋದು ಕಳ್ಳತನ, ಇಲ್ಲಿ ತೇಗೋದು ದರ್ಪ. ಗುಟ್ಟಾಗಿ ತಿಂದವನಿಗೆ ನಮ್ಮಲ್ಲಿ ನುಂಗಿ ನೀರು ಕುಡಿದ ಅಂತ ಬೇರೆ ಮಾತೇ ಇದೆ. ಇಷ್ಟೆಲ್ಲ ಕೆಲಸ ಇರಕ್ಟ್ ಕೈಲಿ ಮಾಡಿಸೋಕೆ ಆಗುತ್ತಾ? ‘ಹಿ ಇರಕ್ಟೆಡ್ ಹಿಸ್ ಫಾದರ್ಸ್ ಪ್ರಾಪರ್ಟಿ’ ಅಂದ್ರೆ ಅಪ್ಪನ ಆಸ್ತಿನ ವಾಪಸ್ ಕಕ್ಕಿದ ಅಂತ ಆಗೋಗುತ್ತೆ, ಅರ್ಥ ಪೂರಾ ಉಲ್ಟಾ.

ಪ್ರಶ್ನೆ: ನಮ್ಮತ್ತೆ ‘ತೇಗು ಬಂದ್ರೆ ತಡೀಬಾರ್ದು ಕಣಮ್ಮ, ಎದೆ ಹಿಡ್ಕೊಳ್ಳುತ್ತೆ’ ಅಂತಾರೆ. ಮಗನ ಸ್ಕೂಲಲ್ಲಿ ಊಟದ ಟೈಮಲ್ಲಿ ತೇಗಿದ್ರೆ ಬ್ಯಾಡ್ ಮ್ಯಾನರ್ಸ್ ಅಂತ ಡೈರಿಲಿ ಬರೆದು ಕಳಿಸ್ತಾರೆ. ಯಾರ ಮಾತು ಕೇಳ್ಬೇಕು? ಇನ್ನೊಂದು, ನಂಗೆ ಖಾಲಿ ಹೊಟ್ಟೆಲೂ ತೇಗು ಬರ್ತಾನೇ ಇರುತ್ತೆ, ಏನಾದ್ರೂ ತೊಂದ್ರೆನಾ?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮತ್ತೆ ಹಿಂದೆ ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆ ನಿಂತಿದೆ. ಅದರ ಸೂತ್ರಸ್ಥಾನದ 7ನೇ ಅಧ್ಯಾಯದಲ್ಲಿ ತಡೀಬಾರದ 13 ವೇಗಗಳ, ಅಂದ್ರೆ ದೇಹಕ್ಕೆ ತಾನಾಗೇ ಬರೋ ಒತ್ತಡಗಳ ಪಟ್ಟಿ ಇದೆ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ ಇವುಗಳ ಸಾಲಲ್ಲೇ ಉದ್ಗಾರ, ಅಂದ್ರೆ ನಮ್ಮ ತೇಗು. ತಡೆದ್ರೆ ಬಿಕ್ಕಳಿಕೆ, ಊಟ ಸೇರದೆ ಇರೋದು, ಎದೆ ಹಿಡಿದ ಹಾಗಾಗೋದು ಅಂತ ಅಲ್ಲೂ ಬರೆದಿದೆ. ಯೋಗದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ತೇಗಿಗೆ ಅಂತಲೇ ಒಂದು ಉಪವಾಯು (ದೇಹದೊಳಗಿನ ಸಣ್ಣ ಪ್ರಾಣವಾಯು) ಇಟ್ಟಿದ್ದಾರೆ, ಅದರ ಹೆಸರು ನಾಗ. ಆಯುರ್ವೇದದಲ್ಲಿ ಊಟ ಅರಗಿದ ಲಕ್ಷಣಗಳಲ್ಲಿ ಮೊದಲು ನೋಡೋದೇ ಉದ್ಗಾರ ಶುದ್ಧಿ, ಅಂದ್ರೆ ಹುಳಿ ಇಲ್ಲದ, ತಿಂದದ್ದರ ವಾಸನೆ ಇಲ್ಲದ ತೇಗು. ಹುಳಿ ತೇಗು ಬಂತು ಅಂದ್ರೆ ಹೊಟ್ಟೆ ಕೆಟ್ಟಿದೆ ಅಂತ ನಮ್ಮ ಅಜ್ಜಿಯರು ಡಾಕ್ಟರ್ ಹತ್ರ ಹೋಗದೆ ಹೇಳ್ತಿದ್ದದ್ದು ಇದೇ ಲೆಕ್ಕದಲ್ಲಿ.

ಸ್ಕೂಲಿನವರದ್ದೂ ತಪ್ಪು ಅನ್ನೋಕಾಗಲ್ಲ. ತೇಗೋದು ಬೇರೆ, ಶಬ್ದ ಮಾಡಿ ತೇಗೋದು ಬೇರೆ. ಗಾಳಿ ಹೊಟ್ಟೆಯಿಂದ ಅನ್ನನಾಳದಲ್ಲಿ ಮೇಲೆ ಬಂದು ಗಂಟಲ ಹತ್ರ ಇರೋ ಸ್ನಾಯುವಿನ ಬಾಗಿಲನ್ನ ಅದುರಿಸ್ದಾಗ ಆ ಡರ್ ಅನ್ನೋ ಶಬ್ದ ಬರೋದು, ಬಾಯಿ ಮುಚ್ಚಿ ನಿಧಾನಕ್ಕೆ ಬಿಟ್ರೆ ಪಕ್ಕದವರಿಗೂ ಗೊತ್ತಾಗಲ್ಲ. ಹುಡುಗನಿಗೆ ತಡಿ ಅಂತ ಹೇಳ್ಬೇಡಿ, ಬಾಯಿ ಮೇಲೆ ಕೈ ಇಟ್ಕೊ ಅಂತ ಹೇಳಿ, ಅತ್ತೆನೂ ಒಪ್ತಾರೆ, ಡೈರಿಲೂ ಕೆಂಪು ಇಂಕು ಬೀಳಲ್ಲ. ಅಂದ ಹಾಗೆ ತೇಗಿದ್ದನ್ನೆಲ್ಲ ಡೈರಿಗೆ ಬರೆಯೋವಷ್ಟು ಪುರುಸೊತ್ತು ಯಾವ ಸ್ಕೂಲಿಗಿದೆಯಪ್ಪ ಅಂತ ನಂಗೆ ಆಶ್ಚರ್ಯ.

ಖಾಲಿ ಹೊಟ್ಟೆ ತೇಗು. ನಮ್ಮ ತೇಗಲ್ಲಿ ಬಹುಪಾಲು ನಾವೇ ನುಂಗಿದ ಗಾಳಿ. ಗಬಗಬ ತಿನ್ನೋದು, ತಿಂತಾ ಮಾತಾಡೋದು, ಚೂಯಿಂಗ್ ಗಮ್ ಅಗಿಯೋದು, ಸ್ಟ್ರಾ ಹಾಕಿ ಕುಡಿಯೋದು, ಇವೆಲ್ಲದ್ರಲ್ಲೂ ಗಾಳಿ ಒಳಗೆ ಹೋಗುತ್ತೆ. ಹೊಟ್ಟೆಯ ಮೇಲ್ಭಾಗ ಉಬ್ಬಿದಾಗ ಅನ್ನನಾಳದ ಕೆಳಗಿನ ಸ್ನಾಯು ಒಂದು ಗಳಿಗೆ ಸಡಿಲ ಆಗುತ್ತೆ, ಗಾಳಿ ಮೇಲೆ ಬರುತ್ತೆ, ಇದು ಆರೋಗ್ಯವಂತರಿಗೆಲ್ಲ ಆಗೋದೇ. ಆದ್ರೆ ಇನ್ನೊಂದು ಥರದ ತೇಗಿದೆ, ಅದರಲ್ಲಿ ಗಾಳಿ ಹೊಟ್ಟೆವರೆಗೂ ಹೋಗೋದೇ ಇಲ್ಲ, ಅನ್ನನಾಳಕ್ಕೆ ಎಳ್ಕೊಂಡು ಹಾಗೇ ವಾಪಸ್ ಬಿಡೋದು, ನಮಗೇ ಗೊತ್ತಿಲ್ಲದೆ ಅಭ್ಯಾಸ ಆಗಿಬಿಟ್ಟಿರುತ್ತೆ, ಟೆನ್ಷನ್ ಇದ್ದಾಗ ಜಾಸ್ತಿ, ಮಾತಾಡುವಾಗ, ನಿದ್ದೆಲಿದ್ದಾಗ ಕಮ್ಮಿ. ಇದಕ್ಕೆ ಗ್ಯಾಸ್ ಮಾತ್ರೆ ನುಂಗಿ ಉಪಯೋಗ ಇಲ್ಲ, ಹೊಟ್ಟೆಯಿಂದ ಉಸಿರಾಡೋ ಅಭ್ಯಾಸ, ಸ್ಪೀಚ್ ಥೆರಪಿ ಇವು ಕೆಲಸ ಮಾಡ್ತವೆ. ನಿಮ್ಮದು ಯಾವ ಥರದ್ದು ಅಂತ ಡಾಕ್ಟರ್ ನೋಡಿಯೇ ಹೇಳ್ಬೇಕು. ತೇಗಿನ ಜೊತೆ ಎದೆ ನೋವು, ನುಂಗೋಕೆ ಕಷ್ಟ, ಕಾರಣ ಇಲ್ಲದೆ ತೂಕ ಇಳಿಯೋದು, ಕಪ್ಪು ಮಲ, ಇವುಗಳಲ್ಲಿ ಯಾವುದಿದ್ರೂ ಜೀರಿಗೆ ಕಷಾಯ ಅಂತ ದಿನ ತಳ್ಳಬೇಡಿ. ಎದೆ ನೋವು ಎಡಗೈಗೋ ದವಡೆಗೋ ಹಬ್ಬಿ ಬೆವರು ಬಂದ್ರಂತೂ ಗ್ಯಾಸು ಅಂತ ಸೋಡಾ ಕುಡೀತಾ ಕೂರದೆ ನೇರ ಆಸ್ಪತ್ರೆ.

ಸ್ಪೀಚ್ ಥೆರಪಿ ಅಂದೆನಲ್ಲ, ಒಂದು ವಿಷಯ ಹೇಳದೆ ಇರೋಕಾಗ್ತಿಲ್ಲ. ಕ್ಯಾನ್ಸರಿಂದ ಧ್ವನಿಪೆಟ್ಟಿಗೆ ತೆಗೆಸ್ಕೊಂಡವರು ಮತ್ತೆ ಮಾತಾಡೋದಕ್ಕೆ ಇರೋ ದಾರಿಗಳಲ್ಲಿ ಒಂದು ತೇಗು. ಬಾಯಿಂದ ಗಾಳಿನ ಅನ್ನನಾಳಕ್ಕೆ ತಳ್ಳಿ, ತೇಗಿನ ಥರ ವಾಪಸ್ ಬಿಡ್ತಾ, ಆ ಅದುರಾಟವನ್ನೇ ದನಿ ಮಾಡ್ಕೊಂಡು ನಾಲಿಗೆ ತುಟಿ ಆಡಿಸಿ ಮಾತಾಡ್ತಾರೆ, ಈಸೋಫೇಜಿಯಲ್ ಸ್ಪೀಚ್ ಅಂತ ಅದರ ಹೆಸರು. ಕಲಿಯೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ದನಿ ಗೊಗ್ಗರಾಗಿರುತ್ತೆ, ಆದ್ರೆ ಕೈಯಲ್ಲಿ ಯಾವ ಯಂತ್ರಾನೂ ಹಿಡೀಬೇಕಾಗಿಲ್ಲ. ಮಾತು ಮತ್ತು ಶ್ರವಣದ ವಿಚಾರಕ್ಕೆ ಅಂತಲೇ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಲೇ ಇದೆ, 1965ರಲ್ಲಿ ಶುರುವಾದದ್ದು, ಸಲಹೆ ಬೇಕಾದವರಿಗೆ ಬೆಂಗಳೂರಿಗೆ ಓಡೋ ಕಷ್ಟ ಇಲ್ಲ.

ತೇಗು ಬರದೇ ಇರೋರೂ ಇದ್ದಾರೆ. ಗಂಟಲ ಹತ್ರದ ಸ್ನಾಯು ಸಡಿಲ ಆಗೋದೇ ಇಲ್ಲ, ಗಾಳಿ ಒಳಗೇ ಉಳಿದು ಕುತ್ತಿಗೇಲಿ ಗೊಳಗೊಳ ಸದ್ದು, ಹೊಟ್ಟೆ ಉಬ್ಬರ. ಅಮೆರಿಕದ ಡಾಕ್ಟರ್ ರಾಬರ್ಟ್ ಬಾಸ್ಟಿಯನ್ ತಂಡ 2019ರಲ್ಲಿ ಇದನ್ನ ವಿವರವಾಗಿ ಬರೆದ್ಮೇಲೆ ಇದೂ ಒಂದು ಕಾಯಿಲೆ ಅಂತ ಲೆಕ್ಕಕ್ಕೆ ಬಂತು, ಆ ಸ್ನಾಯುವಿಗೆ ಅದನ್ನ ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್ ಕೊಡ್ತಾರೆ. ಜೀವಮಾನದಲ್ಲಿ ಮೊದಲ ಸಲ ತೇಗಿದವರಿಗೆ ಸ್ಕೂಲ್ ಡೈರಿ ತೋರಿಸಿದ್ರೆ ಏನಂತಾರೋ.

ಪ್ರಶ್ನೆ: ನಮ್ಮ ಎಚ್ಚೆಫ್ ಹಸಕ್ಕೆ ಹೊಟ್ಟೆ ಉಬ್ಬರ ಆಗಿತ್ತು. ಡಾಕ್ಟ್ರು ಬಂದು ನೋಡಿ ‘ಇರಕ್ಟೇಶನ್ ನಿಂತೋಗದೆ’ ಅಂದ್ರು. ಹಸ ಯಾವತ್ತೂ ತೇಗಿದ್ದು ನಾನ್ ಕೇಳೇ ಇಲ್ಲ. ನಿಂತೋಗೋದು ಹೆಂಗೆ?
– ಹಾಲು ಉತ್ಪಾದಕರು, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ನೋಡಿ ಮದ್ದೂರಿನವರೇ, ನಿಮ್ಮ ಪದ ನಿಜವಾಗಿ ಬದುಕಿರೋ ಜಾಗ ಇದು, ಕೊಟ್ಟಿಗೆ.

ಅಣ್ಣ, ಹಸು ತೇಗುತ್ತೆ, ಒಂದೆರಡು ನಿಮಿಷಕ್ಕೊಂದು ತೇಗು ಅಂತ ಇಟ್ಕೊಳ್ಳಿ, ದಿನವಿಡೀ. ನಿಮಗೆ ಕೇಳಲ್ಲ ಯಾಕಂದ್ರೆ ಅದರ ತೇಗಿಗೆ ಶಬ್ದ ಇಲ್ಲ, ಮೇಲೆ ಬಂದ ಗಾಳಿಲಿ ಒಂದು ಪಾಲು ಮೊದಲು ಶ್ವಾಸಕೋಶಕ್ಕೆ ಹೋಗಿ ಆಮೇಲೆ ಉಸಿರಿನ ಜೊತೆ ಸದ್ದಿಲ್ಲದೆ ಹೊರಗೆ ಹೋಗುತ್ತೆ. ಹಸುವಿನ ಮೊದಲ ಹೊಟ್ಟೆ ನೂರು ಲೀಟರಿಗೂ ದೊಡ್ಡದು, ಅದರೊಳಗೆ ಸೂಕ್ಷ್ಮಜೀವಿಗಳು ಹುಲ್ಲನ್ನ ಕೊಳೆಸಿ ಹುದುಗಿಸ್ತಾನೇ ಇರ್ತವೆ, ಗ್ಯಾಸ್ ಹುಟ್ತಾನೇ ಇರುತ್ತೆ, ಅದಕ್ಕಿರೋ ಬಾಗಿಲು ತೇಗು ಒಂದೇ. ಆ ಬಾಗಿಲು ಮುಚ್ಚಿದ್ರೆ ಗ್ಯಾಸ್ ತುಂಬಿ ಎಡಗಡೆ ಪಕ್ಕೆ ಉಬ್ಬುತ್ತೆ, ಬಡಿದ್ರೆ ತಮಟೆ ಸದ್ದು, ಶ್ವಾಸಕೋಶಕ್ಕೆ ಒತ್ತಡ ಬಿದ್ದು ಉಸಿರು ಕಟ್ಟುತ್ತೆ, ಕೆಲವು ಗಂಟೆಲೇ ಪ್ರಾಣ ಹೋಗ್ಬೋದು. ನಿಲ್ಲೋದು ಎರಡು ರೀತೀಲಿ. ಗೆಡ್ಡೆಯೋ ಮಾವಿನ ಓಟೆಯೋ ಅನ್ನನಾಳದಲ್ಲಿ ಸಿಕ್ಕಿಹಾಕ್ಕೊಂಡ್ರೆ ಗ್ಯಾಸಿಗೆ ದಾರಿ ಇಲ್ಲ. ಇಲ್ಲಾಂದ್ರೆ ಎಳೇ ಕುದುರೆ ಮಸಾಲೆ ಸೊಪ್ಪು, ಹಿಟ್ಟು ಮಾಡಿದ ಕಾಳು ಒಂದೇ ಸಲಕ್ಕೆ ಜಾಸ್ತಿ ತಿಂದಾಗ ಒಳಗೆಲ್ಲ ನೊರೆ ಆಗಿಬಿಡುತ್ತೆ, ಗ್ಯಾಸ್ ಆ ಸಣ್ಣ ಗುಳ್ಳೆಗಳಲ್ಲೇ ಸಿಕ್ಕು, ತೇಗೋಕೆ ಬಿಡಿ ಗಾಳಿನೇ ಇರಲ್ಲ. ಇದಕ್ಕೇ ಡಾಕ್ಟ್ರು ನೊರೆ ಒಡೆಯೋ ಔಷಧಿ ಕುಡಿಸೋದು.

ಡಾಕ್ಟ್ರು ಬರೋವರೆಗೂ ಹಸೂನ ಮಲಗೋಕೆ ಬಿಡ್ಬೇಡಿ, ಮುಂಗಾಲು ಎತ್ತರಕ್ಕೆ ಬರೋ ಹಾಗೆ ನಿಲ್ಸಿ, ಮೇವು ನಿಲ್ಸಿ. ಎಣ್ಣೆ ಕುಡಿಸಿ ಅಂತ ಅಕ್ಕಪಕ್ಕದೋರು ಹೇಳ್ತಾರೆ, ಅಭ್ಯಾಸ ಇಲ್ದೋರು ತಲೆ ಎತ್ತಿ ಹಿಡಿದು ಸುರಿದ್ರೆ ಶ್ವಾಸಕೋಶಕ್ಕೆ ಹೋಗಿ ಇನ್ನೊಂದು ಅನಾಹುತ. ಮುಂದಕ್ಕೆ ಹಸಿ ಸೊಪ್ಪು ಹಾಕೋ ಮುಂಚೆ ಒಂದಷ್ಟು ಒಣ ಹುಲ್ಲು ತಿನ್ನಿಸೋದು ರೂಢಿ ಮಾಡ್ಕೊಳ್ಳಿ.

ಈ ತೇಗಿನ ಮೇಲೆ ಪ್ರಪಂಚದ ಕಣ್ಣೂ ಬಿದ್ದಿದೆ. ಅದರಲ್ಲಿರೋ ಮೀಥೇನ್ ಭೂಮಿ ಬಿಸಿ ಮಾಡೋ ಅನಿಲ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು. ಹಸು ಹಿಂದಿನಿಂದ ಬಿಡೋ ಗಾಳಿ ಕಾರಣ ಅಂತ ತುಂಬಾ ಜನ ಜೋಕ್ ಮಾಡ್ತಾರೆ, ಅದು ತಪ್ಪು, ಬಹುಪಾಲು ಹೊರಗೆ ಬರೋದು ಬಾಯಿಂದ. ಬೆಂಗಳೂರಿನ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ‘ಹರಿತ್ ಧಾರಾ’ ಅಂತ ಮೇವಿನ ಜೊತೆ ಕೊಡೋ ಪುಡಿ ಮಾಡಿದ್ದಾರೆ, ಈ ಮೀಥೇನ್ ಕಮ್ಮಿ ಮಾಡೋಕೆ. ಮೀಥೇನ್ ಆಗಿ ಹೋಗೋದು ಹಸು ತಿಂದ ಮೇವಿನ ಶಕ್ತಿನೇ ಅಲ್ವಾ, ಹಾಗಾಗಿ ಅದು ಕಮ್ಮಿ ಆದ್ರೆ ರೈತನಿಗೂ ನಷ್ಟ ಇಲ್ಲ.

ಪ್ರಶ್ನೆ: ಬಾಡೂಟ ಆದ್ಮೇಲೆ ನಿಂಬೆಹಣ್ಣು ಉಪ್ಪು ಹಾಕಿದ ಗೋಲಿ ಸೋಡಾ ಕುಡಿದ್ರೆ ತೇಗು ಬಂದು ಹೊಟ್ಟೆ ಹಗುರ ಆಗುತ್ತೆ. ನಿಜವಾಗ್ಲೂ ಅರಗುತ್ತಾ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಬರೋ ತೇಗು ಊಟದ್ದಲ್ಲಪ್ಪ, ಸೋಡಾದ್ದೇ. ಒತ್ತಡ ಹಾಕಿ ಕರಗಿಸಿದ ಇಂಗಾಲದ ಡೈಆಕ್ಸೈಡು ಹೊಟ್ಟೆ ಬಿಸಿಗೆ ಬಿಡುಗಡೆ ಆಗಿ ಮೇಲೆ ಬರುತ್ತೆ, ಉಪ್ಪು ಹಾಕಿದಾಗ ನೊರೆ ಉಕ್ಕುತ್ತಲ್ಲ, ಆಗ್ಲೇ ಅರ್ಧ ಗ್ಯಾಸ್ ಲೋಟದಲ್ಲೇ ಹೋಯ್ತು. ಬರುವಾಗ ಜೊತೆಗೆ ಮೊದಲೇ ಸೇರಿಕೊಂಡಿದ್ದ ಗಾಳಿನೂ ಕರ್ಕೊಂಡು ಬರುತ್ತೆ, ಅದಕ್ಕೇ ಹಗುರ ಅನ್ಸೋದು. ಹುಳಿ ತೇಗು, ಎದೆ ಉರಿ ಇರೋರಿಗೆ ಇದರಿಂದ ಜಾಸ್ತಿನೇ ಆಗ್ಬೋದು. ಆ ಗೋಲಿ ಬಾಟಲು ಮಾತ್ರ ಒಳ್ಳೆ ತಲೆ, ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿಸಿದ್ದು, ಒಳಗಿನ ಗ್ಯಾಸೇ ಗೋಲಿನ ಮೇಲಕ್ಕೊತ್ತಿ ಬಿರಡೆ ಥರ ಬಾಯಿ ಮುಚ್ಚುತ್ತೆ. ಬಾಹ್ಯಾಕಾಶಕ್ಕೆ ಹೋದ್ರೆ ಮಾತ್ರ ಸೋಡಾ ಕುಡೀಬೇಡ. ಅಲ್ಲಿ ಗಾಳಿ ಮೇಲೆ, ನೀರು ಕೆಳಗೆ ಅಂತ ಬೇರೆ ಆಗಲ್ಲ, ತೇಗಿದ್ರೆ ಊಟಾನೂ ಜೊತೆಗೇ ಬರುತ್ತೆ.

ಪ್ರಶ್ನೆ: ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟೋ ಸ್ಕ್ರ್ಯಾಬಲ್ ಆಟದಲ್ಲಿ ಇರಕ್ಟ್ ನಡೆಯುತ್ತಾ? ಎಷ್ಟು ಪಾಯಿಂಟು?
– ಕುವೆಂಪುನಗರ, ಮೈಸೂರು

ಉತ್ತರ: ನಡೆಯುತ್ತೆ. ಬೋನಸ್ ಮನೆ ಯಾವುದೂ ಇಲ್ಲದಿದ್ರೆ 7 ಪಾಯಿಂಟು, ಸಿ ಒಂದಕ್ಕೇ 3. ಇರಕ್ಟೇಟ್ ಹಾಕಿದ್ರೆ 10, ಬೋರ್ಡ್ ಮೇಲೆ ಮೊದಲೇ ಇರೋ ಒಂದು ಅಕ್ಷರಕ್ಕೆ ನಿಮ್ಮ ಕೈಲಿರೋ ಏಳೂ ಸೇರಿಸಿ ಇಟ್ರೆ ಮೇಲೆ 50. ಎದುರಿನವರು ಇಂಥ ಪದ ಇಲ್ಲ ಅಂತ ಚಾಲೆಂಜ್ ಮಾಡಿದ್ರೆ ಮಾಡ್ಲಿ ಬಿಡಿ.